ಭರತದ ಪಟ್ಟಿ ಮತ್ತು ಒಂದು ಬಕೆಟ್ ನೀರು: ಮುಂಬೈ ಮಳೆಯಲ್ಲಿ ರಸ್ತೆ ಕಾಯುವ ಕೆಲಸ

ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ನನ್ನ ಶರ್ಟಿನ ಜೇಬಿನಲ್ಲಿ ಒಂದು ಕಾಗದ ಇರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಭರತದ, ಅಂದರೆ ಸಮುದ್ರದ ಉಬ್ಬರದ, ಪಟ್ಟಿ. ಯಾವ ದಿನ, ಎಷ್ಟು ಗಂಟೆಗೆ, ಸಮುದ್ರ ಎಷ್ಟು ಮೀಟರ್ ಏರುತ್ತದೆ ಅಂತ ಅದರಲ್ಲಿರುತ್ತದೆ. ನಾಲ್ಕೂವರೆ ಮೀಟರಿಗಿಂತ ಜಾಸ್ತಿ ಏರುವ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿಟ್ಟಿರುತ್ತೇನೆ. ರಸ್ತೆ ಕೆಲಸದವನಿಗೆ ಸಮುದ್ರದ ಪಟ್ಟಿ ಯಾಕೆ ಅಂತ ತುಂಬಾ ಜನ ಕೇಳಿದ್ದಾರೆ. ಮುಂಬೈಯಲ್ಲಿ ರಸ್ತೆ ಉಳಿಯುವುದು, ಹಾಳಾಗುವುದು ಎರಡೂ ನೀರಿನ ಕೈಯಲ್ಲಿದೆ. ನೀರು ಹೋಗುವುದೋ ನಿಲ್ಲುವುದೋ ಅನ್ನುವುದು ಸಮುದ್ರದ ಕೈಯಲ್ಲಿದೆ. ಇಪ್ಪತ್ತು ವರ್ಷ ದಾಟಿದ ಈ ಕೆಲಸದಲ್ಲಿ ನಾನು ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ಆದರೆ ಅದನ್ನು ಕಲಿತ ಬಗೆ ದೊಡ್ಡದಿದೆ.

ನಮ್ಮ ಮೂಲ ಕಲಬುರಗಿ ಜಿಲ್ಲೆಯ ಆಳಂದದ ಕಡೆ. 1972ರ ಬರಗಾಲದಲ್ಲಿ ಅಪ್ಪ ಊರು ಬಿಟ್ಟು ಮುಂಬೈಗೆ ಬಂದರು. ಆಗ ನಮ್ಮ ಕಡೆಯ ಎಷ್ಟೋ ಮಂದಿ ಹೀಗೆ ಬಂದು ಇಲ್ಲಿ ಡಾಂಬರು, ಜಲ್ಲಿ, ಮೋರಿ ಕೆಲಸಕ್ಕೆ ಸೇರಿದರು. ನಾನು ಹುಟ್ಟಿದ್ದು ಇಲ್ಲೇ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದೆ. ಆಮೇಲೆ ಸಿವಿಲ್ ಡಿಪ್ಲೊಮಾ ಮಾಡಿದೆ. ರಸ್ತೆ ಮತ್ತು ಮಳೆನೀರಿನ ಚರಂಡಿ ನಿರ್ವಹಣೆಯ ಗುತ್ತಿಗೆ ಹಿಡಿಯುವವರ ಬಳಿ ಸೈಟ್ ಸೂಪರ್‌ವೈಸರ್ ಆಗಿ ಸೇರಿದೆ. ಇವತ್ತಿಗೂ ಅದೇ ಕೆಲಸ. ನನ್ನ ಗ್ಯಾಂಗಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅಫಜಲಪುರ, ಜೇವರ್ಗಿ, ಸಿಂದಗಿ ಕಡೆಯವರು. ಅವರು ಹೂಳಿಗೆ ಮರಾಠಿಯ 'ಗಾಳ' ಅನ್ನುತ್ತಾರೆ, ಗುಂಡಿಗೆ 'ಖಡ್ಡಾ' ಅನ್ನುತ್ತಾರೆ, ಉಳಿದದ್ದೆಲ್ಲ ಕನ್ನಡ.

ಹೋದ ವರ್ಷ ಒಂದು ಮಾತುಕತೆ ಆಯಿತು. ನನ್ನ ತಂಗಿಯ ಮಗ ಕೆನಡಾದ ಮಾಂಟ್ರಿಯಲ್‌ನಲ್ಲಿ ಇದ್ದಾನೆ. ಅಲ್ಲಿ ಹಿಮ ಬಿದ್ದ ಮರುದಿನ ಫೋನ್ ಮಾಡಿದ್ದ. "ಮಾಮಾ, ನಿಮ್ಮ ಕೆಲಸಾನೇ ಇಲ್ಲಿ ಕಿಟಕಿಯಿಂದ ನೋಡ್ಲಿಕ್ಕತ್ತೀನಿ" ಅಂದ. ನಾನು ನಕ್ಕೆ. ಹಿಮಕ್ಕೂ ನನಗೂ ಏನು ಸಂಬಂಧ? ಆದರೆ ಅವನು ಹೇಳುತ್ತಾ ಹೋದಂತೆ ನಗು ನಿಂತಿತು. ಆ ಊರಲ್ಲಿ ರಸ್ತೆ, ಫುಟ್‌ಪಾತ್ ಎಲ್ಲ ಸೇರಿ ಸುಮಾರು 10,000 ಕಿಲೋಮೀಟರ್ ಹಿಮ ತೆಗೆಯಬೇಕು. ಒಂದಿಂಚು ಬಿದ್ದರೆ ಸಾಕು, ಹಲಗೆ ಕಟ್ಟಿದ ಲಾರಿಗಳು ಹೊರಬೀಳುತ್ತವೆ. ಮೊದಲು ದೊಡ್ಡ ರಸ್ತೆ, ಬಸ್ಸಿನ ರಸ್ತೆ, ಆಸ್ಪತ್ರೆ ರಸ್ತೆ. ಗಲ್ಲಿಗಳ ಸರದಿ ಕೊನೆಗೆ. ಹತ್ತು ಹದಿನೈದು ಸೆಂಟಿಮೀಟರ್ ಆದರೆ ಬದಿಗೆ ತಳ್ಳಿದ್ದು ಸಾಲುವುದಿಲ್ಲ, ಲಾರಿಗೆ ತುಂಬಿ ಬೇರೆಡೆ ಸಾಗಿಸಬೇಕು. ಫ್ರಾಂಕೋನ್ ಅನ್ನುವ ಹಳೇ ಕಲ್ಲುಗಣಿಯಲ್ಲಿ ಅದನ್ನು ಗುಡ್ಡ ಹಾಕುತ್ತಾರೆ. ಲಾರಿ ಬರುವ ಮುಂಚೆ ಸೈರನ್ ಕೂಗುತ್ತದೆ, ಆ ಬೀದಿಯಲ್ಲಿ ನಿಂತ ಕಾರುಗಳನ್ನು ಎಳೆದೊಯ್ಯುತ್ತಾರೆ.

ನನಗೆ ಹಿಡಿಸಿದ್ದು ಆ ಸೈರನ್. ನಮ್ಮ ಪಂಪಿನ ಲಾರಿ ಗಲ್ಲಿಯೊಳಗೆ ಹೋಗಲಾಗದೆ, ಎರಡೂ ಕಡೆ ನಿಂತ ಬೈಕು, ಟೆಂಪೋ ನಡುವೆ ಸಿಕ್ಕಿಕೊಂಡ ರಾತ್ರಿಗಳು ಕಣ್ಣ ಮುಂದೆ ಬಂದವು. ಇನ್ನೊಂದು ಮಾತು ಮನಸ್ಸಲ್ಲಿ ಉಳಿಯಿತು. ಅಲ್ಲಿಯೂ ಗುಂಡಿಗಳಿವೆಯಂತೆ, ಬೇಕಾದಷ್ಟು. ಚಳಿ ಮುಗಿಯುವ ಹೊತ್ತಿಗೆ ಬಿರುಕಿನೊಳಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಶೇಕಡಾ 9ರಷ್ಟು ಉಬ್ಬುತ್ತದೆ. ಹಗಲು ಕರಗುತ್ತದೆ, ರಾತ್ರಿ ಮತ್ತೆ ಉಬ್ಬುತ್ತದೆ. ಡಾಂಬರು ಒಳಗಿನಿಂದಲೇ ಒಡೆಯುತ್ತದೆ. ಅಲ್ಲಿ ಉಬ್ಬುವ ನೀರು, ಇಲ್ಲಿ ನಿಲ್ಲುವ ನೀರು. ಎರಡು ಕಡೆಯೂ ಕಳ್ಳ ಒಬ್ಬನೇ, ಒಳಗೆ ಬರುವ ಬಾಗಿಲೂ ಅದೇ ಬಿರುಕು.

ಸರಿ, ನಮ್ಮ ಊರಿಗೆ ಬರುತ್ತೇನೆ.

ಮುಂಬೈಯ ಹಳೇ ಮಳೆನೀರಿನ ಚರಂಡಿಗಳು ಬ್ರಿಟಿಷರ ಕಾಲದವು. ಗಂಟೆಗೆ 25 ಮಿಲಿಮೀಟರ್ ಮಳೆ, ಅದೂ ಸಮುದ್ರ ಇಳಿದಿರುವಾಗ. ಇದು ಅವುಗಳ ತಾಕತ್ತು. ಈಗ ಹಂತ ಹಂತವಾಗಿ ಗಂಟೆಗೆ 50 ಮಿಲಿಮೀಟರಿಗೆ ಏರಿಸುತ್ತಿದ್ದಾರೆ. ಚರಂಡಿಗಳು ಸಮುದ್ರಕ್ಕೆ, ಕೊಲ್ಲಿಗೆ ತೆರೆಯುವ ಬಾಯಿಗಳಲ್ಲಿ ಬಹುಪಾಲು ದೊಡ್ಡ ಭರತದ ಮಟ್ಟಕ್ಕಿಂತ ಕೆಳಗಿವೆ. ಸಮುದ್ರ ಏರಿದಾಗ ನೀರು ಹೊರಗೆ ಹೋಗುವುದಿಲ್ಲ. ಗೇಟು ಇಲ್ಲದ ಕಡೆ ಸಮುದ್ರದ ನೀರೇ ಒಳಗೆ ಬರುತ್ತದೆ. ಒಂದೆರಡು ಗಂಟೆ ಊರು ಬಾಯಿ ಕಟ್ಟಿದ ಪಾತ್ರೆ. ಆ ಹೊತ್ತಿನಲ್ಲಿ ಜೋರು ಮಳೆ ಬಂದರೆ ನಾವು ಎಷ್ಟು ಹೂಳು ತೆಗೆದಿದ್ದರೂ ನೀರು ನಿಲ್ಲುತ್ತದೆ. ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯ ನನಗೆ ಇದು ತಲೆಗೆ ಹೋಗಲು ಎರಡು ಮಳೆಗಾಲ ಬೇಕಾಯಿತು.

ಭರತ ದಿನಕ್ಕೆ ಎರಡು ಸಲ ಬರುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಎತ್ತರ ಜಾಸ್ತಿ. ಹಾಗಾಗಿ ನಾನು ಬೆಳಿಗ್ಗೆ ಎದ್ದ ಕೂಡಲೇ ಎರಡು ವಿಷಯ ಜೋಡಿಸಿ ನೋಡುತ್ತೇನೆ. ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣ ಯಾವುದು, ಭರತ ಎಷ್ಟು ಗಂಟೆಗೆ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ. 115.5 ದಾಟಿದರೆ ಅತಿ ಭಾರಿ. 204.4 ದಾಟಿದರೆ ಅದಕ್ಕೂ ಮೇಲಿನದು. ಆದರೆ ಇಡೀ ದಿನಕ್ಕೆ ಹಂಚಿ ಬಿದ್ದ 120 ಮಿಲಿಮೀಟರ್ ನನ್ನ ನಿದ್ದೆ ಕೆಡಿಸುವುದಿಲ್ಲ. ಭರತದ ಹೊತ್ತಿಗೆ ಒಂದೇ ಗಂಟೆಯಲ್ಲಿ ಬಿದ್ದ 60 ಮಿಲಿಮೀಟರ್ ಕೆಡಿಸುತ್ತದೆ.

2005ರ ಜುಲೈ 26ರಂದು ನಾನು ಕೆಲಸಕ್ಕೆ ಹೊಸಬ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ನೂರು ಮಿಲಿಮೀಟರ್ ಕೂಡ ಆಗಲಿಲ್ಲ. ಒಂದೇ ಊರು, ಎರಡು ಆಕಾಶ. ನಾನು ಕುರ್ಲಾ ಕಡೆಯಿಂದ ಸಯನ್‌ವರೆಗೆ ಎದೆಮಟ್ಟದ ನೀರಿನಲ್ಲಿ ನಡೆದೆ. ಮುಂದೆ ಒಬ್ಬ ಹಿರಿಯರು ಬಿದಿರಿನ ಕೋಲು ಹಿಡಿದು ನೆಲ ಕುಟ್ಟುತ್ತಾ ಹೋಗುತ್ತಿದ್ದರು. ನಾವು ಹದಿನೈದು ಇಪ್ಪತ್ತು ಮಂದಿ ಅವರ ಹಿಂದೆ. ಅವರು ಕೋಲು ಕುಟ್ಟಿದ ಜಾಗದಲ್ಲೇ ಕಾಲಿಟ್ಟೆವು. ರಸ್ತೆಯ ನಿಜವಾದ ಕೆಲಸ ಅವತ್ತು ನನಗೆ ತಿಳಿಯಿತು. ಕಾಲಿಡುವ ಜಾಗದಲ್ಲಿ ನೆಲ ಇರಬೇಕು. ಅಷ್ಟು ಭರವಸೆ ಜನರಿಗೆ ಸಿಗಬೇಕು.

ಆ ಮಳೆಯ ನಂತರ ಊರು ತುಂಬಾ ಬದಲಾಯಿತು. ಹಾಜಿ ಅಲಿ, ಇರ್ಲಾ, ವರ್ಳಿಯ ಲವ್‌ಗ್ರೋವ್ ಮತ್ತು ಕ್ಲೀವ್‌ಲ್ಯಾಂಡ್ ಬಂದರ್, ರೇ ರೋಡಿನ ಬ್ರಿಟಾನಿಯಾ, ಗಜಧರ್‌ಬಂಧ್ ಹೀಗೆ ಆರು ಕಡೆ ದೊಡ್ಡ ಪಂಪಿಂಗ್ ಸ್ಟೇಷನ್‌ಗಳು ಬಂದವು. ಸಮುದ್ರ ಏರಿದಾಗ ಗೇಟು ಮುಚ್ಚಿ, ಒಳಗಿನ ನೀರನ್ನು ಎತ್ತಿ ಆಚೆ ಹಾಕುವ ವ್ಯವಸ್ಥೆ. ಅಲ್ಲಿನ ಒಂದು ದೊಡ್ಡ ಪಂಪು ಸೆಕೆಂಡಿಗೆ 6,000 ಲೀಟರ್ ಎತ್ತುತ್ತದೆ. ನಮ್ಮ ಹಿಂದ್‌ಮಾತಾ ಬಟ್ಟಲಿನಂಥ ಜಾಗ. ಸುತ್ತಲಿನ ನೀರೆಲ್ಲ ಅಲ್ಲಿಗೇ ಬರುತ್ತದೆ. ಅಲ್ಲಿ ಹತ್ತಿರದ ಮೈದಾನಗಳ ಕೆಳಗೆ ಭಾರಿ ಟ್ಯಾಂಕ್ ಕಟ್ಟಿದರು. ಭರತ ಇಳಿಯುವವರೆಗೆ ನೀರನ್ನು ಅಲ್ಲಿ ಹಿಡಿದಿಟ್ಟುಕೊಂಡು ಆಮೇಲೆ ಬಿಡುವುದು. ಈ ಉಪಾಯ ನನಗೆ ತುಂಬಾ ಇಷ್ಟ. ನೀರಿಗೆ ಹೋಗಲು ದಾರಿ ಇಲ್ಲದ ಹೊತ್ತಿನಲ್ಲಿ ಕೂತುಕೊಳ್ಳಲು ಜಾಗವಾದರೂ ಕೊಡಬೇಕಲ್ವಾ?

ಆದರೆ ಪಂಪಿನವರೆಗೆ ನೀರು ತಲುಪಿಸುವುದು ನನ್ನಂಥವರ ಕೆಲಸ. ಅದು ಮಳೆಯಲ್ಲಿ ಶುರುವಾಗುವುದಿಲ್ಲ, ಬೇಸಿಗೆಯಲ್ಲಿ ಶುರುವಾಗುತ್ತದೆ.

ದೊಡ್ಡ ನಾಲಾಗಳಿಗೆ, ಅಂದರೆ ದೊಡ್ಡ ಚರಂಡಿಗಳಿಗೆ, ಪೊಕ್ಲೇನ್ ಅನ್ನುವ ಅಗೆಯುವ ಯಂತ್ರ ಇಳಿಯುತ್ತದೆ. ಕೆಲವು ಕಡೆ ನೀರ ಮೇಲೆ ತೇಲುವ ಯಂತ್ರ. ಎತ್ತಿದ ಹೂಳನ್ನು ದಡದಲ್ಲಿ ಒಂದೆರಡು ದಿನ ಒಣಗಿಸಿ, ತೂಕ ಮಾಡಿಸಿ, ಊರಾಚೆ ಸಾಗಿಸಬೇಕು. ಜನರಿಗೆ ಕಾಣುವುದು ಈ ದೊಡ್ಡ ಕೆಲಸ. ನನಗೆ ತಲೆನೋವು ಸಣ್ಣದರದ್ದು. ರಸ್ತೆಯ ಅಂಚಿನಲ್ಲಿ ಹಲಗೆ ಮುಚ್ಚಿದ ಚರಂಡಿ ಇರುತ್ತದೆ. ನಾವು ಅದಕ್ಕೆ ಢಾಪಾ ಅನ್ನುತ್ತೇವೆ. ರಸ್ತೆಯಿಂದ ಅದರೊಳಗೆ ನೀರು ಇಳಿಯುವ ಜಾಳಿಗೆ ವಾಟರ್ ಎಂಟ್ರೆನ್ಸ್ ಅಂತ ಹೆಸರು. ಒಂದು ಸಾಮಾನ್ಯ ರಸ್ತೆಯಲ್ಲಿ ಇಂಥವು ಹತ್ತಾರು. ನಾಲಾ ಎಷ್ಟೇ ಖಾಲಿ ಇದ್ದರೂ ಈ ಜಾಳಿ ಮುಚ್ಚಿದ್ದರೆ ರಸ್ತೆಯ ನೀರು ರಸ್ತೆಯಲ್ಲೇ. ಪಾನ್ ಚೀಟಿ, ತೆಂಗಿನ ಚಿಪ್ಪು, ಬಾದಾಮಿ ಮರದ ಎಲೆ, ಮನೆ ರಿಪೇರಿಯ ಸಿಮೆಂಟ್ ನೀರು, ಎಲ್ಲ ಅಲ್ಲೇ ಬಂದು ಕೂರುತ್ತದೆ. ಸಿಮೆಂಟ್ ನೀರು ಎಲ್ಲಕ್ಕಿಂತ ಕೆಟ್ಟದ್ದು. ಕಸವನ್ನಾದರೂ ಎತ್ತಬಹುದು. ಚರಂಡಿಯೊಳಗೆ ಗಟ್ಟಿಯಾದ ಸಿಮೆಂಟನ್ನು ಒಡೆದೇ ತೆಗೆಯಬೇಕು.

ಪರೀಕ್ಷೆಗೆ ನಾನು ಎರಡು ಸಾಮಾನು ಇಟ್ಟುಕೊಂಡಿದ್ದೇನೆ. ಒಂದು ಕೆಂಪು ಬಿಳಿ ಪಟ್ಟೆ ಬಳಿದ ಕೋಲು, ಇನ್ನೊಂದು ಬಕೆಟ್. ಕೋಲನ್ನು ಚೇಂಬರಿನೊಳಗೆ, ಅಂದರೆ ಚರಂಡಿಯ ಮುಚ್ಚಳದ ಕೆಳಗಿನ ಗುಂಡಿಯೊಳಗೆ, ಇಳಿಸಿದರೆ ಹೂಳಿನ ಮೇಲೆ ಮೆತ್ತಗೆ ನಿಲ್ಲುತ್ತದೆ. ಒತ್ತಿದರೆ ತಳಕ್ಕೆ ಹೋಗಿ ಟಕ್ ಅನ್ನುತ್ತದೆ. ಮೆತ್ತಗೆ ನಿಂತ ಗುರುತಿಗೂ ಟಕ್ ಅಂದ ಗುರುತಿಗೂ ನಡುವಿನ ಅಂತರವೇ ಹೂಳು. ಕಣ್ಣಿಗೆ ನೀರು ತಿಳಿಯಾಗಿ ಕಂಡರೂ ಕೋಲು ಸುಳ್ಳು ಹೇಳುವುದಿಲ್ಲ. ಒಂದು ಸಲ ನಾನು ಆಯಿತು ಅಂತ ಬರೆದುಕೊಂಡು ಹೊರಟಿದ್ದೆ. ನಮ್ಮ ಗ್ಯಾಂಗಿನ ಹಿರಿಯ ಕಾಕಾ ಒಬ್ಬರು ಕೋಲು ಕೈಗೆ ತೆಗೆದುಕೊಂಡು ಒತ್ತಿ ತೋರಿಸಿದರು. "ಕೆಳಗ ಇನ್ನಾ ಒಂದ್ ಮೊಳ ಅದ ನೋಡ್ರಿ. ನೀರ್ ಹೋಗ್ಲಿಕ್ಕೆ ದಾರೀನೇ ಇಲ್ಲ" ಅಂದರು. ಅವರಿಗೆ ಓದು ಬಾರದು. ಅವತ್ತಿನಿಂದ ಅವರು ಒತ್ತಿ ನೋಡದೆ ನಾನು ಯಾವ ಚೇಂಬರಿಗೂ ಸಹಿ ಹಾಕಿಲ್ಲ.

ಬಕೆಟ್ಟಿನ ಕೆಲಸ ಬೇರೆ. ರಸ್ತೆ ನಡುವೆ ಎತ್ತರ, ಅಂಚಿಗೆ ತಗ್ಗು ಇರಬೇಕು. ಏಳು ಮೀಟರ್ ಅಗಲದ ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ಸುಮಾರು ಒಂಬತ್ತು ಸೆಂಟಿಮೀಟರ್ ಇಳಿಜಾರು ಬೇಕು. ಕಣ್ಣಿಗೆ ಅದು ಕಾಣುವುದಿಲ್ಲ. ನೀರಿಗೆ ಕಾಣುತ್ತದೆ. ರಸ್ತೆಯ ನಡುವೆ ಒಂದು ಬಕೆಟ್ ನೀರು ಸುರಿದು ಸುಮ್ನೆ ನಿಂತು ನೋಡುತ್ತೇನೆ. ಅದು ಎತ್ತ ಹರಿಯಿತು, ಎಲ್ಲಿ ನಿಂತಿತು, ಜಾಳಿಯ ಪಕ್ಕದಲ್ಲೇ ಹಾದು ಮುಂದೆ ಹೋಯಿತೋ, ಎಲ್ಲ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಹಳೇ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತಾ ಹೋದ ರಸ್ತೆಗಳಲ್ಲಿ ಇಳಿಜಾರು ಅಳಿಸಿಹೋಗಿರುತ್ತದೆ. ಇಲ್ಲವೇ ಜಾಳಿ ರಸ್ತೆಗಿಂತ ಎಷ್ಟೋ ಕೆಳಗೆ ಗುಂಡಿಯಾಗಿ ಕೂತಿರುತ್ತದೆ. ಇಲ್ಲವೇ ಬದಿಯ ಮನೆಗಳ ಹೊಸ್ತಿಲಿಗಿಂತ ರಸ್ತೆಯೇ ಎತ್ತರವಾಗಿ, ನೀರು ಮನೆಯೊಳಗೆ ಹೋಗುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಬಕೆಟ್ ನೀರಿನಲ್ಲಿ ಕಂಡ ತಪ್ಪನ್ನು ತಿದ್ದಲು ಒಂದು ದಿನ ಸಾಕು. ಅದೇ ತಪ್ಪು ಜುಲೈಯಲ್ಲಿ ಕಂಡರೆ ತಿದ್ದಲು ಆಗುವುದೇ ಇಲ್ಲ.

ಇನ್ನು ಚೇಂಬರಿನ ಮುಚ್ಚಳದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನೀರು ನಿಂತ ಕೂಡಲೇ ಬಡಾವಣೆಯ ಜನ ಮಾಡುವ ಮೊದಲ ಕೆಲಸ ಮ್ಯಾನ್‌ಹೋಲ್ ಮುಚ್ಚಳ ಎತ್ತುವುದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಮನೆಯೊಳಗೆ ನೀರು ಬರುತ್ತಿರುವಾಗ ಯಾರು ಸುಮ್ಮನಿರುತ್ತಾರೆ? ಆದರೆ ಕಂದು ನೀರಿನ ಕೆಳಗೆ ತೆರೆದ ಬಾಯಿ ಕಾಣುವುದಿಲ್ಲ. 2017ರ ಆಗಸ್ಟ್ 29ರ ಮಳೆಯಲ್ಲಿ ಹೆಸರಾಂತ ವೈದ್ಯರೊಬ್ಬರು ಮನೆಗೆ ನಡೆದು ಹೋಗುತ್ತಾ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಆಮೇಲೆ ಮುಚ್ಚಳದ ಕೆಳಗೆ ಕಬ್ಬಿಣದ ಜಾಳಿ ಹಾಕುವ ಕೆಲಸ ಶುರುವಾಯಿತು. ಮುಚ್ಚಳ ಹೋದರೂ ಮನುಷ್ಯ ಬೀಳಬಾರದು ಅಂತ. ನಾನು ನನ್ನ ಗ್ಯಾಂಗಿಗೆ ಒಂದೇ ನಿಯಮ ಇಟ್ಟಿದ್ದೇನೆ. ಮುಚ್ಚಳ ತೆರೆದರೆ ಒಬ್ಬ ಮನುಷ್ಯ ಅಲ್ಲೇ ನಿಲ್ಲಬೇಕು, ಕೈಯಲ್ಲಿ ಕೆಂಪು ಬಾವುಟ, ರಾತ್ರಿಯಾದರೆ ಟಾರ್ಚ್. ಮಳೆ ಎಷ್ಟೇ ಹೊತ್ತು ಬಂದರೂ, ಚಹಾ ಬಂದರೂ, ಬೇರೆಯವನು ಬಂದು ನಿಲ್ಲುವವರೆಗೆ ಅವನು ಅಲ್ಲಿಂದ ಕದಲಬಾರದು.

ಇನ್ನೊಂದು ನಿಯಮ, ಯಾರೂ ಚೇಂಬರಿನೊಳಗೆ ಇಳಿಯಬಾರದು. ಅಪ್ಪನ ಕಾಲದಲ್ಲಿ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಕೊಳೆತ ಹೂಳನ್ನು ಕೆದಕಿದರೆ ಗ್ಯಾಸ್ ಏಳುತ್ತದೆ, ಮನುಷ್ಯನಿಗೆ ಕೂಗಲೂ ಸಮಯ ಸಿಗುವುದಿಲ್ಲ. ಅಪ್ಪ ಒಬ್ಬ ಜೊತೆಗಾರನನ್ನು ಹೀಗೆ ಕಳೆದುಕೊಂಡರು. ಆ ಕಥೆಯನ್ನು ಪೂರ್ತಿ ಹೇಳಿದ್ದು ಒಂದೇ ಸಲ, ನಾನು ಈ ಕೆಲಸಕ್ಕೆ ಸೇರಿದ ದಿನ. ಗಟಾರ ಮತ್ತು ಸೆಪ್ಟಿಕ್ ಟ್ಯಾಂಕಿನೊಳಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮಳೆನೀರಿನ ಚೇಂಬರಿಗೂ ನಾನು ಅದೇ ಲೆಕ್ಕ ಹಿಡಿದಿದ್ದೇನೆ. ಬಿದಿರಿನ ಸೀಳು, ಬಕೆಟ್ ಕಟ್ಟಿದ ಹಗ್ಗ, ಹೀರುವ ಲಾರಿ, ಇವುಗಳಿಂದ ಆಗದಿದ್ದರೆ ಆ ಕೆಲಸ ಅವತ್ತು ಆಗುವುದಿಲ್ಲ. ಬೈಯಿಸಿಕೊಂಡಿದ್ದೇನೆ, ಪರವಾಗಿಲ್ಲ.

ಈಗ ಗುಂಡಿಗೆ ಬರುತ್ತೇನೆ. ಎಲ್ಲರೂ ಕೇಳುವುದು ಇದನ್ನೇ. ನಿನ್ನೆ ಮುಚ್ಚಿದ ಗುಂಡಿ ಇವತ್ತು ಯಾಕೆ ಎದ್ದಿತು?

ಡಾಂಬರಿಗೆ ನೀರು ಅಂದರೆ ಆಗುವುದಿಲ್ಲ. ಜಲ್ಲಿಯನ್ನು ಡಾಂಬರು ಹಿಡಿದುಕೊಂಡಿರುತ್ತದೆ. ಬಿರುಕಿನಿಂದ ಒಳಗೆ ಹೋದ ನೀರು ಆ ಹಿಡಿತವನ್ನು ಬಿಡಿಸುತ್ತದೆ. ಮೇಲೆ ಬಸ್ಸಿನ ಚಕ್ರ ಬಂದಾಗ ಒಳಗಿನ ನೀರು ಒತ್ತಿ ಪಿಚಕಾರಿಯಂತೆ ಚಿಮ್ಮುತ್ತದೆ. ಜೊತೆಗೆ ಸಣ್ಣ ಮಣ್ಣನ್ನೂ ಹೊತ್ತು ತರುತ್ತದೆ. ಒಳಗೆ ಪೊಳ್ಳಾಗುತ್ತದೆ. ಮೇಲಿನ ಪದರ ಒಂದು ದಿನ ಕುಸಿಯುತ್ತದೆ. ಗುಂಡಿ ಕಾಣಿಸುವ ಮೊದಲೇ ಅದು ಎಷ್ಟೋ ದಿನದಿಂದ ಒಳಗೆ ತಯಾರಾಗುತ್ತಿರುತ್ತದೆ. ಬಿರುಕಿನ ಸುತ್ತ ಬೂದಿ ಬಣ್ಣದ ಕೆಸರು ಚಿಮ್ಮಿದ ಕಲೆ ಕಂಡರೆ ನಾನು ಸುಣ್ಣದ ಗುರುತು ಹಾಕಿಬಿಡುತ್ತೇನೆ. ಅಲ್ಲಿ ವಾರದೊಳಗೆ ಗುಂಡಿ.

ಸರಿಯಾಗಿ ಮುಚ್ಚುವುದು ಹೇಗೆ? ಮೊದಲು ಗುಂಡಿಯನ್ನು ದೊಡ್ಡದು ಮಾಡಬೇಕು. ಸುತ್ತಲಿನ ಸಡಿಲ ಭಾಗವನ್ನೆಲ್ಲ ಗಟ್ಟಿ ಸಿಗುವವರೆಗೆ ಚೌಕಾಕಾರವಾಗಿ, ಗೋಡೆ ನೆಟ್ಟಗೆ ನಿಲ್ಲುವಂತೆ ಕತ್ತರಿಸಬೇಕು. ತಟ್ಟೆಯಂತೆ ಅಂಚು ಇಳಿಜಾರಾಗಿದ್ದರೆ ಹೊಸ ಮಾಲು, ಅಂದರೆ ಡಾಂಬರು ಜಲ್ಲಿಯ ಮಿಶ್ರಣ, ಅಂಚಿನಲ್ಲಿ ತೆಳ್ಳಗಾಗಿ ಎದ್ದುಬಿಡುತ್ತದೆ. ನೀರು, ಮಣ್ಣು, ಧೂಳು ಪೂರ್ತಿ ತೆಗೆಯಬೇಕು. ತಳಕ್ಕೂ ಗೋಡೆಗೂ ಅಂಟಿನ ಡಾಂಬರು ಬಳಿಯಬೇಕು. ಆಮೇಲೆ ಮಾಲು ತುಂಬಿ, ರಸ್ತೆಯ ಮಟ್ಟಕ್ಕಿಂತ ಸ್ವಲ್ಪ ಉಬ್ಬಾಗಿ ಕುಟ್ಟಬೇಕು. ಕೊನೆಗೆ ಅಂಚಿನ ಸುತ್ತ ನೀರು ಇಳಿಯದಂತೆ ಮುಚ್ಚಬೇಕು. ಇಷ್ಟು ಮಾಡಿದ ಗುಂಡಿ ಎದ್ದದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಗಾಡಿಯಿಂದ ಇಳಿಯದೆ ಮೂರು ಸಲಿಕೆ ಮಾಲು ಎಸೆದು ಹೋದ ಗುಂಡಿ ಉಳಿದದ್ದನ್ನು ಒಂದು ಸಲವೂ ನೋಡಿಲ್ಲ.

ಕಷ್ಟ ಇರುವುದು ಮಾಲಿನಲ್ಲಿ. ಸಾಮಾನ್ಯ ಬಿಸಿ ಡಾಂಬರು ಮಾಲು ಮಳೆಯಲ್ಲಿ ಅಂಟುವುದಿಲ್ಲ. ಹಾಗಾಗಿ ಮಳೆಗಾಲದ ದೊಡ್ಡ ಆಸರೆ ಮಾಸ್ಟಿಕ್. ಡಾಂಬರು, ಸುಣ್ಣಕಲ್ಲಿನ ಪುಡಿ, ಸಣ್ಣ ಜಲ್ಲಿ ಸೇರಿಸಿ ಕುಕ್ಕರಿನಲ್ಲಿ ಗಂಟೆಗಟ್ಟಲೆ ತಿರುವುತ್ತಾ ಸುಮಾರು 200 ಡಿಗ್ರಿಗೆ ಬೇಯಿಸುತ್ತಾರೆ. ಅದು ಗಟ್ಟಿ ಪಾಯಸದಂತೆ ಆಗುತ್ತದೆ. ರೋಲರ್ ಬೇಡ, ಸುರಿದು ಮರದ ಹಲಗೆಯಲ್ಲಿ ಸವರಿದರೆ ತಾನೇ ಕೂರುತ್ತದೆ. ಆರಿದ ಮೇಲೆ ನೀರು ಒಳಗೆ ಹೋಗುವುದೇ ಇಲ್ಲ. ಜಾರಬಾರದು ಅಂತ ಬಿಸಿ ಇರುವಾಗಲೇ ಮೇಲೆ ಕಲ್ಲಿನ ಚಿಪ್ಸ್ ಉದುರಿಸಿ ಒತ್ತಬೇಕು. ಆದರೆ ಮಾಸ್ಟಿಕ್ಕಿಗೂ ತಳ ಒಣಗಿರಬೇಕು. ಒದ್ದೆ ತಳದ ಮೇಲೆ 200 ಡಿಗ್ರಿ ಸುರಿದರೆ ನೀರು ಹಬೆಯಾಗಿ ಗುಳ್ಳೆ ಏಳುತ್ತದೆ. ನಾಳೆ ಆ ಗುಳ್ಳೆಯೇ ಗುಂಡಿ. ಅದಕ್ಕೇ ನಾವು ಮಳೆ ಬಿಡುವು ಕೊಡುವ ನಲವತ್ತು ನಿಮಿಷಕ್ಕಾಗಿ ಇಡೀ ರಾತ್ರಿ ಕಾಯುತ್ತೇವೆ. ಕುಕ್ಕರ್ ಕುದಿಯುತ್ತಿರುತ್ತದೆ, ಗುಂಡಿಯ ಮೇಲೆ ತಾಡಪತ್ರಿ ಹಿಡಿದು ಇಬ್ಬರು ನಿಂತಿರುತ್ತಾರೆ, ಇನ್ನೊಬ್ಬ ಬರ್ನರ್ ಹಿಡಿದು ತಳ ಒಣಗಿಸುತ್ತಿರುತ್ತಾನೆ. ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ನಾಲ್ಕು ಜನ ಸುಮ್ಮನೆ ನಿಂತಂತೆ ಕಂಡರೆ ಅವರು ಕಾಯುತ್ತಿರುವುದು ಈ ನಲವತ್ತು ನಿಮಿಷಕ್ಕೆ.

ಬಿಡುವೇ ಸಿಗದಿದ್ದರೆ ಕೋಲ್ಡ್ ಮಿಕ್ಸ್, ಅಂದರೆ ಬಿಸಿ ಮಾಡದೆ ಹಾಕುವ ಮಾಲು. ಚೀಲ ಬಿಚ್ಚಿ, ನೀರಿದ್ದರೂ ತುಂಬಿ ಕುಟ್ಟಬಹುದು. ಜಾಸ್ತಿ ಬಸ್ಸು ಓಡುವ ಕಡೆ ಅದನ್ನು ತಾತ್ಕಾಲಿಕ ಅಂತಲೇ ಇಟ್ಟುಕೊಳ್ಳಬೇಕು. ಕಾಂಕ್ರೀಟ್ ರಸ್ತೆಯಾದರೆ ಬೇಗ ಗಟ್ಟಿಯಾಗುವ ಕಾಂಕ್ರೀಟ್ ಬಂದಿದೆ. ಸುಮಾರು ಆರು ಗಂಟೆಯಲ್ಲಿ ಗಾಡಿ ಬಿಡಬಹುದು. ಆ ಆರು ಗಂಟೆ ರಸ್ತೆ ಮುಚ್ಚಿಸುವುದೇ ಮುಂಬೈಯಲ್ಲಿ ದೊಡ್ಡ ಹೋರಾಟ. ಪೇವರ್ ಬ್ಲಾಕ್ ನನಗೆ ದೊಡ್ಡ ರಸ್ತೆಯಲ್ಲಿ ಬೇಡವೇ ಬೇಡ. ಸಂದಿಯಿಂದ ನೀರು ಇಳಿದು ಕೆಳಗಿನ ಮರಳು ಜರಿದರೆ ಬ್ಲಾಕುಗಳು ಅಲುಗಾಡುತ್ತವೆ. ಬೈಕಿನವರಿಗೆ ಅದು ಗುಂಡಿಗಿಂತ ಅಪಾಯ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಒಂದು ಜುಲೈ ಸಂಜೆ, ಮಳೆ ಸುರಿಯುತ್ತಲೇ ಇತ್ತು. ಮೇಲಿನಿಂದ ಒತ್ತಡ ಬಂತು. ನಾನು ಉಳಿದಿದ್ದ ಬಿಸಿ ಮಾಲನ್ನು ನೀರು ತುಂಬಿದ ಗುಂಡಿಗೆ ಹಾಕಿಸಿ, ಸಲಿಕೆಯ ಬೆನ್ನಿನಿಂದ ತಟ್ಟಿಸಿ ಬಂದೆ. ಬೆಳಿಗ್ಗೆ ಹೊತ್ತಿಗೆ ಮಾಲು ಎದ್ದು ಜಲ್ಲಿ ರಸ್ತೆಯ ತುಂಬ ಹರಡಿತ್ತು. ಹೋಟೆಲ್ ಕೆಲಸಕ್ಕೆ ಹೊರಟಿದ್ದ ಒಬ್ಬ ಹುಡುಗ ಆ ಜಲ್ಲಿಯ ಮೇಲೆ ಬೈಕ್ ಜಾರಿ ಬಿದ್ದ. ಮಣಿಕಟ್ಟು ಮುರಿಯಿತು. ಕುಂದಾಪುರ ಕಡೆಯವನು. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಾಗ ನಾನು ಕನ್ನಡದವನು ಅಂತ ತಿಳಿದು, "ನಮ್ಮವರೇ ಸಿಕ್ರಲ್ಲ" ಅಂತ ಅವನಿಗೆ ಸಮಾಧಾನವಾಯಿತು. ಆ ಗುಂಡಿ ಮುಚ್ಚಿದವನು ನಾನೇ ಅಂತ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಇನ್ನೊಂದ್ ಸಲ ಹಾಗೆ ಮಾಡಬೇಡಿ ಅಣ್ಣ" ಅಂದ, ಅಷ್ಟೇ. ಆಮೇಲೆ ನಾನು ಒದ್ದೆ ಗುಂಡಿಗೆ ಬಿಸಿ ಮಾಲು ಹಾಕಿಸಿಲ್ಲ. ಒತ್ತಡ ಬಂದರೆ ಗುಂಡಿಯ ಸುತ್ತ ಬ್ಯಾರಿಕೇಡ್ ಇಟ್ಟು, ದೀಪ ಕಟ್ಟಿ, ಒಬ್ಬನನ್ನು ನಿಲ್ಲಿಸುತ್ತೇನೆ. ಕೆಟ್ಟದಾಗಿ ಮುಚ್ಚಿದ ಗುಂಡಿಗಿಂತ ಕಾಣುವ ಗುಂಡಿ ಲೇಸು.

ಮುಂಬೈಯಲ್ಲಿ ಸುಮಾರು 2,000 ಕಿಲೋಮೀಟರ್ ರಸ್ತೆ ಇದೆ. ಅದರಲ್ಲಿ ದೊಡ್ಡ ಭಾಗ ಈಗ ಕಾಂಕ್ರೀಟ್ ಆಗುತ್ತಿದೆ. ಕಾಂಕ್ರೀಟಿಗೆ ನೀರಿನ ಭಯ ಕಡಿಮೆ, ನಿಜ. ಆದರೆ ಡಾಂಬರು ಮತ್ತು ಕಾಂಕ್ರೀಟ್ ಸೇರುವ ಗೆರೆ, ಚೇಂಬರಿನ ಸುತ್ತಲಿನ ಉಂಗುರ, ಕೇಬಲಿಗೆ ಅಗೆದು ಮುಚ್ಚಿದ ಪಟ್ಟಿ, ಈ ಮೂರು ಕಡೆ ನೀರು ಈಗಲೂ ಬಾಗಿಲು ಹುಡುಕುತ್ತದೆ. ಅಗೆದ ಪಟ್ಟಿಯ ಮಣ್ಣನ್ನು ಪದರ ಪದರವಾಗಿ ಕುಟ್ಟದಿದ್ದರೆ ಮೊದಲ ಮಳೆಗೇ ಅದು ಕೂರುತ್ತದೆ. ಅದಕ್ಕೇ ಮೇ 31ರೊಳಗೆ ಅಗೆತ ನಿಲ್ಲಬೇಕು ಅನ್ನುವ ಕಟ್ಟಳೆ ಇರುವುದು. ಮಳೆ ಸಾಮಾನ್ಯವಾಗಿ ಜೂನ್ 11ರ ಸುಮಾರಿಗೆ ಬರುತ್ತದೆ. ನಡುವೆ ಹತ್ತು ದಿನ ಸಿಗುತ್ತದೆ ಅಂತ ಎಲ್ಲರ ಲೆಕ್ಕ.

2025ರಲ್ಲಿ ಆ ಲೆಕ್ಕ ತಪ್ಪಿತು. ಮುಂಗಾರು ಮೇ 26ಕ್ಕೇ ಮುಂಬೈಗೆ ಬಂತು. 75 ವರ್ಷಗಳಲ್ಲಿ ಇಷ್ಟು ಬೇಗ ಬಂದಿರಲಿಲ್ಲ. ನನ್ನ ಪಾಲಿನ ಒಂದು ರಸ್ತೆಯಲ್ಲಿ ಯಾರದೋ ಕೇಬಲ್ ಕೆಲಸಕ್ಕೆ ಅಗೆದ ಪಟ್ಟಿ ಇನ್ನೂ ಅರ್ಧ ತೆರೆದಿತ್ತು. ಅಗೆದ ಮಣ್ಣು ಜಾಳಿಯ ಪಕ್ಕದಲ್ಲೇ ಗುಡ್ಡೆ. ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ಆ ಮಣ್ಣೆಲ್ಲ ಕೆಸರಾಗಿ ನಾವು ಹೋದ ವಾರವಷ್ಟೇ ತೆಗೆದಿದ್ದ ಢಾಪಾದೊಳಗೆ ಇಳಿದಿತ್ತು. ಅರ್ಧ ಗ್ಯಾಂಗು ಬೇಸಿಗೆ ಹಬ್ಬ, ಮದುವೆ ಅಂತ ಊರಲ್ಲಿತ್ತು. ಉಳಿದ ಹನ್ನೊಂದು ಜನ ಮರಳು ಚೀಲ ಒಟ್ಟಿ ಮೊದಲು ಜಾಳಿಗಳನ್ನು ಉಳಿಸಿಕೊಂಡೆವು. ಪಟ್ಟಿಯ ಎರಡೂ ತುದಿಗೆ ಚೀಲ ಇಟ್ಟು, ನಡುವಿನ ನೀರನ್ನು ಸಣ್ಣ ಪಂಪಿನಿಂದ ಎತ್ತಿ, ಒದ್ದೆ ಮಣ್ಣು ತೆಗೆದು ಜಲ್ಲಿಪುಡಿ ತುಂಬಿದೆವು. ಒದ್ದೆ ಮಣ್ಣನ್ನು ಕುಟ್ಟಿ ಪ್ರಯೋಜನವಿಲ್ಲ, ಅದು ರೊಟ್ಟಿ ಹಿಟ್ಟಿನಂತೆ ಅತ್ತಿತ್ತ ಸರಿಯುತ್ತದೆ. ಮೂರು ದಿನ, ಮೂರು ರಾತ್ರಿ. ಊರಿಗೆ ಹೋದವರಿಗೆ ಫೋನ್ ಮಾಡಿದರೆ ಮರುದಿನವೇ ಸೊಲ್ಲಾಪುರದ ಮೇಲೆ ರೈಲು ಹಿಡಿದು ಆರು ಜನ ಬಂದರು. ಒಬ್ಬ ತಮ್ಮನ ಮದುವೆ ಮುಗಿದ ಸಂಜೆಯೇ ಹೊರಟಿದ್ದ, ಹಣೆಯ ಅರಿಶಿನ ಇನ್ನೂ ಹೋಗಿರಲಿಲ್ಲ.

ಈಗ ನಾವು ಕೆಲಸ ಮುಗಿಸುವ ತಾರೀಕನ್ನು ಮೇ 15ಕ್ಕೆ ಇಟ್ಟುಕೊಂಡಿದ್ದೇವೆ. ಕಾಗದದ ಮೇಲೆ ಏನೇ ಇರಲಿ, ನಮ್ಮ ಗ್ಯಾಂಗಿನ ಲೆಕ್ಕ ಅದು. ಅರ್ಧ ಜನ ಏಪ್ರಿಲ್‌ನಲ್ಲಿ ಊರಿಗೆ ಹೋಗಿ ಬರುತ್ತಾರೆ, ಉಳಿದವರು ಮಳೆ ಮುಗಿದ ಮೇಲೆ.

ಮಳೆ ಜೋರಾದ ದಿನ ಏನು ಮೊದಲು ಅನ್ನುವ ಪಟ್ಟಿಯೂ ನನ್ನ ಬಳಿ ಇದೆ. ಮೊದಲು ಆಸ್ಪತ್ರೆಗೆ ಹೋಗುವ ರಸ್ತೆ. ಆಮೇಲೆ ಬಸ್ಸಿನ ರಸ್ತೆ, ರೈಲ್ವೆ ಸ್ಟೇಷನ್ನಿನ ದಾರಿ, ಸಬ್‌ವೇ. ಆಮೇಲೆ ಗಲ್ಲಿಗಳು. ಮಾಂಟ್ರಿಯಲ್‌ನವರೂ ಹೀಗೇ ಮಾಡುತ್ತಾರೆ ಅಂತ ಅಳಿಯ ಹೇಳಿದಾಗ ನನಗೆ ಖುಷಿಯಾಯಿತು. ಚಳಿ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗೆ ಹೋದರೆ ರಸ್ತೆಗೆ ಚೆಲ್ಲುವ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಆಗ ಸಣ್ಣ ಜಲ್ಲಿ ಚೆಲ್ಲುತ್ತಾರೆ, ಹಿಮ ಕರಗದಿದ್ದರೂ ಕಾಲು ಜಾರದಿರಲಿ ಅಂತ. ಭರತದ ಹೊತ್ತಿನಲ್ಲಿ ನಾವು ಮಾಡುವುದೂ ಅದನ್ನೇ. ನೀರು ಇಳಿಸಲು ಆಗದ ಎರಡು ಗಂಟೆ ಹಗ್ಗ ಕಟ್ಟಿ, ಮುಚ್ಚಳ ಕಾದು, ಜನರನ್ನು ದಾಟಿಸುತ್ತೇವೆ. ನೀವು ನೀರಲ್ಲಿ ಸಿಕ್ಕಿಕೊಂಡರೆ 1916ಕ್ಕೆ ಫೋನ್ ಮಾಡಿ. ಎಲ್ಲಿ, ಎಷ್ಟು ಆಳ, ಮುಚ್ಚಳ ಇದೆಯೋ ಇಲ್ಲವೋ ಅಂತ ಹೇಳಿ. "ಇಲ್ಲಿ ತುಂಬಾ ನೀರಿದೆ" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. "ಮೊಣಕಾಲಿನವರೆಗೆ ಇದೆ, ಮೆಡಿಕಲ್ ಅಂಗಡಿ ಮುಂದೆ ಸುಳಿ ಕಾಣುತ್ತಿದೆ" ಅಂದರೆ ಎಲ್ಲಿಗೆ ಓಡಬೇಕು ಅಂತ ಗೊತ್ತಾಗುತ್ತದೆ. ಸುಳಿ ಕಂಡರೆ ಅಲ್ಲಿ ಬಾಯಿ ತೆರೆದಿದೆ ಅಂತ ಅರ್ಥ. ಹತ್ತಿರ ಹೋಗಬೇಡಿ.

ಅಕ್ಟೋಬರ್‌ನಲ್ಲಿ ಮಳೆ ಪೂರ್ತಿ ಹೋದ ಮೇಲೆ ನಾನೂ ಕಾಕಾ ಇಬ್ಬರೂ ನಮ್ಮ ರಸ್ತೆಗಳನ್ನೆಲ್ಲ ಒಂದು ಸುತ್ತು ನಡೆಯುತ್ತೇವೆ. ಗೋಡೆಗಳ ಮೇಲೆ ನೀರು ನಿಂತ ಗೆರೆ ಆಗ ಸ್ಪಷ್ಟವಾಗಿ ಕಾಣುತ್ತದೆ. ಒಂದೊಂದು ಗೆರೆಯನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಹೋದ ವರ್ಷ ಒಂದು ಕಿರಾಣಿ ಅಂಗಡಿಯ ಗೋಡೆಯಲ್ಲಿ ಗೆರೆ ಹಿಂದಿನ ವರ್ಷಕ್ಕಿಂತ ಒಂದು ಗೇಣು ಕೆಳಗಿತ್ತು. ಅಂಗಡಿಯವರು ಒಳಗಿಂದ ಬಂದು, ಅಕ್ಕಿ ಚೀಲ ಈ ಸಲ ಮೇಲೆ ಎತ್ತಬೇಕಾಗಲಿಲ್ಲ ಅಂದರು. ಕಾಕಾ ಕೋಲನ್ನು ಅಲ್ಲಿನ ಚೇಂಬರಿಗೆ ಇಳಿಸಿ ಒತ್ತಿದರು. "ಅರ್ಧ ಗೇಣ್ ಗಾಳ ಬಂದದ ನೋಡ್ರಿ, ಈಗೇ ಬರ್ಕೋರಿ" ಅಂದರು. ಬರೆದುಕೊಂಡೆ.